4–5ನೇ ತರಗತಿಗೆ ಬಂದರೂ ಓದು ಬಾರದ ಮಕ್ಕಳು: ಹಂತವಾರು ಗುಂಪು ಮಾಡಿ ಕಲಿಸುವುದನ್ನು ಕನ್ನಡಕ್ಕೆ ಹೊಂದಿಸುವುದು ಹೇಗೆ?

ಬಹುವರ್ಗ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಇಬ್ಬರೇ ಶಿಕ್ಷಕರು. 1ರಿಂದ 3ರವರೆಗೆ ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಒಬ್ಬರಿಗೆ. 4 ಮತ್ತು 5 ಒಂದೇ ಕೊಠಡಿಯಲ್ಲಿ, ಒಟ್ಟು 26 ಮಕ್ಕಳು. ಪಾಠವನ್ನು ತಡವರಿಸದೆ ಓದುವವರು ಏಳೆಂಟು ಜನ. ಉಳಿದವರಲ್ಲಿ ಕೆಲವರಿಗೆ ಅಕ್ಷರ ಗೊತ್ತು, ಪದ ಕೂಡಿಸಲು ಬರಲ್ಲ. ಕೆಲವರು ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾರೆ. ನೋಟ್‌ಬುಕ್ ತೆಗೆದು ನೋಡಿದರೆ ಮಾತ್ರ ಎಲ್ಲರದೂ ಅಚ್ಚುಕಟ್ಟು. ಹಲಗೆ ನೋಡಿ ಬರೆಯುವುದರಲ್ಲಿ ಯಾರೂ ಹಿಂದಿಲ್ಲ.

ತರಗತಿ ಬಿಟ್ಟು ಮಕ್ಕಳ ಓದಿನ ಹಂತದ ಪ್ರಕಾರ ಗುಂಪು ಮಾಡಿ ಕಲಿಸಿದರೆ ಫಲ ಸಿಗುತ್ತದೆ ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಕೇಳಬೇಕಾದ್ದು ಇಷ್ಟು. ಅಸರ್ ಸಮೀಕ್ಷೆಯ (ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ಅಳೆಯುವುದು) ಓದಿನ ಹಾಳೆಯೊಂದರಿಂದಲೇ ಗುಂಪು ಮಾಡಬಹುದೇ, ಕನ್ನಡಕ್ಕೆ ಬೇರೇನಾದರೂ ಸೇರಿಸಬೇಕೇ? ಒತ್ತಕ್ಷರವನ್ನು ಯಾವ ಕ್ರಮದಲ್ಲಿ ಕಲಿಸಬೇಕು? ದಿನಕ್ಕೆ ಎಷ್ಟು ಹೊತ್ತು ಕೊಡಬೇಕು? ಇದಕ್ಕೆ ನಿಜವಾಗಿಯೂ ಸಂಶೋಧನೆಯ ಆಧಾರ ಇದೆಯೇ, ಅಥವಾ ಬಂದು ಹೋಗುವ ಇನ್ನೊಂದು ಕಾರ್ಯಕ್ರಮವೇ?

ಓದಿನ ಮನೆ

ಮೇಡಂ, ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಆಧಾರದ ವಿಚಾರವನ್ನು ಬೇರೆಯವರು ಚೆನ್ನಾಗಿ ಹೇಳಬಲ್ಲರು.

ಅಸರ್ ಹಾಳೆಯಲ್ಲಿ ನಾಲ್ಕು ಮೆಟ್ಟಿಲು: ಅಕ್ಷರ, ಪದ, 1ನೇ ತರಗತಿ ಮಟ್ಟದ ಚಿಕ್ಕ ವಾಕ್ಯವೃಂದ, 2ನೇ ತರಗತಿ ಮಟ್ಟದ ಕಥೆ. ವಾಕ್ಯವೃಂದದಿಂದ ಶುರು ಮಾಡುವುದು. ಮಗು ಅದನ್ನು ವಾಕ್ಯದಂತೆ ಓದಿದರೆ (ಮೂರು ತಪ್ಪಿನವರೆಗೆ ಪರವಾಗಿಲ್ಲ) ಕಥೆಗೆ ಹೋಗಿ, ಒಂದೊಂದೇ ಪದ ಕಡಿದು ಓದಿದರೆ ಪದಗಳಿಗೆ ಇಳಿಯಿರಿ. ಐದು ಪದಗಳಲ್ಲಿ ನಾಲ್ಕು ಸರಿಯಾದರೆ ಪದದ ಹಂತ. ಇಲ್ಲವಾದರೆ ಅಕ್ಷರ, ಅಲ್ಲೂ ಐದಕ್ಕೆ ನಾಲ್ಕು. ಅದೂ ಆಗದಿದ್ದರೆ ಆರಂಭಿಕ. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ ಸಾಕು. ಉಳಿದವರಿಗೆ ಕೇಳಿಸದ ಹಾಗೆ ಜಗಲಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾಡಿ. ಕೊಠಡಿಯೊಳಗೆ ಮಾಡಿದರೆ ಮೂರನೇ ಮಗುವಿನ ಹೊತ್ತಿಗೆ ಎಲ್ಲರಿಗೂ ಹಾಳೆ ಬಾಯಿಪಾಠ ಆಗಿರುತ್ತದೆ.

ಮನೆಮನೆ ಸಮೀಕ್ಷೆಗೆಂದು ಮಾಡಿದ ಹಾಳೆ ಅದು. ಯಾವ ಮಗು ಎಲ್ಲಿದೆ ಎಂದು ತೋರಿಸುತ್ತದೆ, ನಾಳೆ ಬೆಳಗ್ಗೆ ಏನು ಕಲಿಸಬೇಕು ಎಂದು ಹೇಳುವುದಿಲ್ಲ. ಕನ್ನಡದಲ್ಲಿ ಅಕ್ಷರ ಮತ್ತು ಪದದ ನಡುವೆ ದೊಡ್ಡ ಅಂತರವಿದೆ. ಮೂಲಾಕ್ಷರ 49 ಇರಬಹುದು, ವ್ಯಂಜನಗಳಿಗೆ ಸ್ವರಚಿಹ್ನೆ ಹಚ್ಚಿದ ಕಾಗುಣಿತವೇ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಮಾತೂ ಇದೇ: ಕನ್ನಡದಲ್ಲಿ ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವ ಕೆಲಸವಲ್ಲ, ನಾಲ್ಕನೇ ತರಗತಿಯಲ್ಲೂ ಮುಂದುವರಿದಿರುತ್ತದೆ. ಹೀಗಿರುವಾಗ ನಾಲ್ಕನೇ ತರಗತಿಯ ಮಗುವಿಗೆ 'ಷ್ಟ್ರ' ಓದಲು ಬರಲಿಲ್ಲ ಎಂದರೆ ಆ ಮಗು ದಡ್ಡ ಎಂದಲ್ಲ. ಕಲಿಸುವ ಕೆಲಸ ಇನ್ನೂ ಬಾಕಿ ಇದೆ, ಅಷ್ಟೆ.

ಅದಕ್ಕೆ ಪದದ ಮೆಟ್ಟಿಲನ್ನು ಮೂರಾಗಿ ಒಡೆಯಿರಿ. ಒಂದು, ಒತ್ತಿಲ್ಲದ, ಕಾಗುಣಿತ ಮಾತ್ರ ಇರುವ ಪದ: ಗಾಳಿ, ಕುರಿ, ಮೇಕೆ, ತೋಟ, ಪೈರು. ಎರಡು, ಅದೇ ಅಕ್ಷರದ ಒತ್ತು: ಅಕ್ಕ, ಬೆಲ್ಲ, ಹಳ್ಳಿ, ಅನ್ನ, ಹತ್ತು. ಮೂರು, ಬೇರೆ ಅಕ್ಷರದ ಒತ್ತು: ಚಕ್ರ, ವಿದ್ಯೆ, ಪುಸ್ತಕ, ಶಕ್ತಿ, ಸೂರ್ಯ. ಪ್ರತಿ ಪಟ್ಟಿಗೂ ಅರ್ಥವಿಲ್ಲದ ಎರಡು ಪದ ಸೇರಿಸಿ: 'ಗೋಮುಲ', 'ತೆಬಿಕು', 'ನಮ್ಮಿಟ' ಇಂಥವು. 'ಪುಸ್ತಕ' ಎಂಬುದನ್ನು ಚಿತ್ರದಂತೆ ಗುರುತಿಸುವ ಮಕ್ಕಳು ಬಹಳ. ಅಂಥವರು 'ಸ್ತ' ಓದುತ್ತಿದ್ದಾರೆ ಎಂದು ನಾವು ಅಂದುಕೊಂಡಿರುತ್ತೇವೆ. ಅರ್ಥವಿಲ್ಲದ ಪದ ಕೊಟ್ಟ ಕೂಡಲೇ ವಿಷಯ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಇವು ಪರೀಕ್ಷೆಗೆ ಮಾತ್ರ. ಪಾಠದಲ್ಲಿ ಬಳಸಬೇಡಿ, ಮಕ್ಕಳು ಓದಿದ್ದಕ್ಕೆಲ್ಲ ಅರ್ಥ ಇರುತ್ತದೆ ಎಂಬ ನಂಬಿಕೆ ಉಳಿಯಲಿ.

ಕಾಗುಣಿತದಲ್ಲಿ ಆಗುವ ತಪ್ಪು ಎಂದರೆ ರಾಗ. "ಕ ಕಾ ಕಿ ಕೀ" ಎಂದು ಸಾಲಾಗಿ ಹಾಡುವ ಮಗುವಿಗೆ 'ಕೋ' ಒಂದನ್ನೇ ತೋರಿಸಿದರೆ ಅದು ಮೊದಲಿನಿಂದ ಹಾಡಿಕೊಂಡು ಅಲ್ಲಿಗೆ ಬರುತ್ತದೆ. ಅದು ಓದಲ್ಲ, ಎಣಿಕೆ. ಪಟ್ಟಿಯನ್ನು ಅಡ್ಡಸಾಲಿನಲ್ಲಿ ಓದಿಸುವುದಕ್ಕಿಂತ ಕಂಬಸಾಲಿನಲ್ಲಿ ಹೆಚ್ಚು ಓದಿಸಿ: ಕೋ, ಗೋ, ಚೋ, ತೋ, ನೋ. ಚಿಹ್ನೆ ಒಂದೇ ಇದ್ದು ಅಕ್ಷರ ಬದಲಾಗುತ್ತಾ ಹೋದಾಗ ಚಿಹ್ನೆಯ ಕಡೆಗೆ ಗಮನ ಬರುತ್ತದೆ. ಆಮೇಲೆ ಬೆರಳಿಟ್ಟು ಅಲ್ಲೊಂದು ಇಲ್ಲೊಂದು ಕೇಳಿ. 'ಪು', 'ವು' ಎರಡನ್ನೂ ಬೇರೆಯಾಗಿ ಕಲಿಸಲೇಬೇಕು. ಇವುಗಳಲ್ಲಿ ಕೊಂಬು 'ಕು', 'ತು' ಗಳಂತೆ ಬಲಕ್ಕೆ ಹೋಗದೆ ಕೆಳಗಿನಿಂದ ಸೇರುತ್ತದೆ, ಮಕ್ಕಳು 'ವು' ಮತ್ತು 'ಮ' ಗಳನ್ನು ಅದಲುಬದಲು ಮಾಡುವುದು ಇಲ್ಲೇ.

ಇನ್ನು ಒತ್ತಕ್ಷರದ ಕ್ರಮ. ಒತ್ತುಗಳಲ್ಲಿ ಹೆಚ್ಚಿನವು ತಲೆಕಟ್ಟು ತೆಗೆದ ಪುಟ್ಟ ಅಕ್ಷರಗಳೇ. ಕ, ಗ, ದ, ಬ, ಳ ಒತ್ತುಗಳನ್ನು ಮಗು ನೋಡಿದ ಕೂಡಲೇ ಊಹಿಸಬಲ್ಲದು. ಊಹಿಸಲು ಆಗದವು ಆರು: ತ, ನ, ಮ, ಯ, ರ, ಲ. ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ, ಜೊತೆಗೆ ದಿನಬಳಕೆಯ ಪದಗಳಲ್ಲಿ ಇವೇ ಹೆಚ್ಚು: ಅತ್ತೆ, ಅನ್ನ, ಅಮ್ಮ, ಎಲ್ಲ. ಮೊದಲು ಸುಲಭದ ಒತ್ತುಗಳನ್ನು ಎರಡು ಮೂರು ದಿನದಲ್ಲಿ ಮುಗಿಸಿ. ಆಮೇಲೆ ಈ ಆರಕ್ಕೆ ಒಂದೊಂದಕ್ಕೂ ಎರಡು ದಿನ ಕೊಡಿ, ತ, ನ, ಮ, ಲ ಗಳನ್ನು ಅದೇ ಅಕ್ಷರದ ಒತ್ತಾಗಿ ಪರಿಚಯಿಸಿ. ಯ ಮತ್ತು ರ ಕೊನೆಗೆ, ಏಕೆಂದರೆ ಅವು ಹೆಚ್ಚಾಗಿ ಬರುವುದು ಬೇರೆ ಅಕ್ಷರದ ಕೆಳಗೆ (ವಿದ್ಯೆ, ಚಕ್ರ).

ನಿಜವಾದ ಗಂಟು ಇರುವುದು 'ಶಕ್ತಿ'ಯಂಥ ಪದದಲ್ಲಿ. ಇಲ್ಲಿ ಗುಡಿಸು ಕಾಣುವುದು ಕ ಮೇಲೆ, ಉಚ್ಚಾರದಲ್ಲಿ ಇಕಾರ ಬರುವುದು ತ ಆದ ಮೇಲೆ. ಕಣ್ಣಿಗೆ ಕಂಡ ಹಾಗೆ ಓದಿದ ಮಗು 'ಶಕಿತ' ಎನ್ನುತ್ತದೆ. ಇದನ್ನು ಗಮನವಿಲ್ಲದೆ ಮಾಡಿದ ತಪ್ಪು ಎಂದು ಗದರಿದರೆ ಮಗು ಗೊಂದಲಕ್ಕೆ ಬೀಳುತ್ತದೆ, ಏಕೆಂದರೆ ಅದು ಕಲಿತ ನಿಯಮವನ್ನೇ ಪಾಲಿಸಿದೆ. ಹೇಳಿಕೊಡಬೇಕಾದ ಕ್ರಮ: ಮೇಲಿನದು ಅರ್ಧ, ಕೆಳಗಿನದು ಪೂರ್ತಿ, ಚಿಹ್ನೆ ಕೆಳಗಿನದಕ್ಕೆ ಸೇರಿದ್ದು. ಹಲಗೆಯ ಮೇಲೆ ಚಿಹ್ನೆಯನ್ನೂ ಒತ್ತನ್ನೂ ಒಂದೇ ಬಣ್ಣದ ಸೀಮೆಸುಣ್ಣದಲ್ಲಿ, ಮೇಲಿನ ಅಕ್ಷರವನ್ನು ಬಿಳಿಯಲ್ಲಿ ಬರೆಯಿರಿ. 'ಕ್ - ತಿ' ಎಂದು ಎರಡು ಚಪ್ಪಾಳೆ, ಆಮೇಲೆ ಕೂಡಿಸಿ 'ಕ್ತಿ'. ಬುದ್ಧಿ, ಸೃಷ್ಟಿ, ಪತ್ನಿ, ಭಕ್ತಿ ಎಲ್ಲಕ್ಕೂ ಇದೇ ಹಾದಿ.

ಅರ್ಕಾವೊತ್ತು ಇದಕ್ಕೆ ತದ್ವಿರುದ್ಧ. 'ಸೂರ್ಯ'ದಲ್ಲಿ ರಕಾರ ಮೊದಲು ಉಚ್ಚಾರವಾಗುತ್ತದೆ, ಗುರುತು ಬರುವುದು ಯ ಆದ ಮೇಲೆ. ರ ಬರೆದು ಅದರ ಕೆಳಗೆ ಯ ಒತ್ತು ಕೊಡುವ ರೂಪವನ್ನು ಹಲಗೆಯ ಮೇಲೆ ಮೊದಲು ತೋರಿಸಿ, ಆಮೇಲೆ ಪುಸ್ತಕದ ರೂಪಕ್ಕೆ ಬನ್ನಿ. 'ಶಕ್ತಿ' ಮತ್ತು 'ಸೂರ್ಯ' ಎರಡನ್ನೂ ಒಂದೇ ವಾರ ಕಲಿಸಬೇಡಿ, ಒಂದರ ನಿಯಮ ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ.

ಅಂಕಿಅಂಶ

ಆಧಾರ ಇದೆಯೇ ಎಂದು ಕೇಳಿದ್ದೀರಿ. ಇದೆ, ಗಟ್ಟಿಯಾಗಿಯೇ ಇದೆ. ಆದರೆ ಯಾವ ರೂಪದಲ್ಲಿ ಮಾಡಿದಾಗ ಫಲ ಬಂತು, ಯಾವುದರಲ್ಲಿ ಬರಲಿಲ್ಲ ಎಂಬುದನ್ನು ಬಿಟ್ಟು 'ಸಂಶೋಧನೆ ಹೇಳುತ್ತದೆ' ಎಂದರೆ ಅರ್ಧ ಮಾತಾಗುತ್ತದೆ.

ಮೊದಲ ದೊಡ್ಡ ಪ್ರಯೋಗ ಮುಂಬೈ ಮತ್ತು ವಡೋದರದ ನಗರಪಾಲಿಕೆ ಶಾಲೆಗಳದ್ದು, 'ಬಾಲಸಖಿ' ಎಂದು ಹೆಸರು. ಅಭಿಜಿತ್ ಬ್ಯಾನರ್ಜಿ, ಶಾನ್ ಕೋಲ್, ಎಸ್ತರ್ ಡುಫ್ಲೊ, ಲೀ ಲಿಂಡೆನ್ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ತಾಸು ಅದೇ ಊರಿನ ಓದಿದ ಯುವತಿಯೊಬ್ಬರು ಕೂರಿಸಿಕೊಂಡು ಕಲಿಸುತ್ತಿದ್ದರು. ಅಂಕಗಳು ಮೊದಲ ವರ್ಷ 0.14, ಎರಡನೇ ವರ್ಷ 0.28 ಪ್ರಮಾಣ ವಿಚಲನೆಯಷ್ಟು ಏರಿದವು (ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ ಇದು, ಮುಂದಿನ ಏರಿಕೆಯ ಸಂಖ್ಯೆಗಳೂ ಇದೇ ಅಳತೆಯವು). ಯಾವ ಮಗುವಿಗೂ ಆಕೆಯ ಹತ್ತಿರ ವರ್ಷಗಟ್ಟಲೆ ತರಬೇತಿ ಪಡೆದ ವಿದ್ಯೆ ಸಿಗಲಿಲ್ಲ. ಸಿಕ್ಕಿದ್ದು ತನ್ನ ಮಟ್ಟದ ಪಾಠ ಮತ್ತು ಅದಕ್ಕೆಂದೇ ಮೀಸಲಾದ ಸಮಯ. ಇದರ ಜೊತೆಗೇ ಓದಬೇಕಾದ ಇನ್ನೊಂದು ಸಾಲು ಅದೇ ಪ್ರಬಂಧದಲ್ಲಿದೆ: ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಲಾಭ ಸುಮಾರು 0.1ಕ್ಕೆ ಇಳಿದಿತ್ತು. ಒಮ್ಮೆ ಮೇಲೆತ್ತಿ ಬಿಟ್ಟರೆ ಸಾಲದು, ಮುಂದಿನ ವರ್ಷವೂ ಓದಿಸಬೇಕು.

ನಿಮ್ಮಂಥವರಿಗೆ ಹೆಚ್ಚು ಉಪಯೋಗ ಆಗುವುದು ಬಿಹಾರದ ಫಲಿತಾಂಶ. 2008ರ ಬೇಸಿಗೆಯಲ್ಲಿ ಸರ್ಕಾರಿ ಶಿಕ್ಷಕರೇ ಸುಮಾರು ಒಂದು ತಿಂಗಳ ಶಿಬಿರ ನಡೆಸಿ ಮಟ್ಟಕ್ಕೆ ತಕ್ಕಂತೆ ಕಲಿಸಿದರು, ಮಕ್ಕಳ ಓದು ಸುಧಾರಿಸಿತು. ಶಾಲೆ ಶುರುವಾದ ಮೇಲೆ ಶಿಕ್ಷಕರಿಗೆ ಅದೇ ವಿಧಾನದ ತರಬೇತಿ ಮತ್ತು ಸಾಮಗ್ರಿ ಕೊಟ್ಟರೆ ಫಲ ಕಾಣಲಿಲ್ಲ. ಶಿಕ್ಷಕರಿಗೆ ಕಲಿಸಲು ಬರುತ್ತಿರಲಿಲ್ಲ ಎಂದು ಇದರ ಅರ್ಥವಲ್ಲ, ಬೇಸಿಗೆಯಲ್ಲಿ ಮಾಡಿ ತೋರಿಸಿದ್ದರು. ಶಾಲಾ ದಿನಗಳಲ್ಲಿ ಪಠ್ಯಕ್ರಮ ಮುಗಿಸುವ ಒತ್ತಡ ಬಂದು ಈ ಕೆಲಸ ಬದಿಗೆ ಸರಿಯಿತು.

ಹರಿಯಾಣದಲ್ಲಿ 2012–13ರಲ್ಲಿ ಅದನ್ನು ಸರಿಪಡಿಸಿದರು. ವೇಳಾಪಟ್ಟಿಯಲ್ಲೇ ದಿನಕ್ಕೆ ಒಂದು ತಾಸು ಬೇರೆ ಇಟ್ಟರು, ಆ ತಾಸಿನಲ್ಲಿ ಮಕ್ಕಳು ತರಗತಿ ಬಿಟ್ಟು ಹಂತದ ಗುಂಪಿಗೆ ಹೋಗುತ್ತಿದ್ದರು. ನಮ್ಮ ಸಿಆರ್‌ಪಿಗಳಂಥ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಮೇಲ್ವಿಚಾರಕರು ಮೊದಲು ತಾವೇ 15–20 ದಿನ ಮಕ್ಕಳಿಗೆ ಕಲಿಸಿ ಆಮೇಲೆ ಶಾಲೆಗಳಿಗೆ ಭೇಟಿ ಕೊಡುತ್ತಿದ್ದರು. ಹಿಂದಿ ಓದಿನಲ್ಲಿ 0.15 ಏರಿಕೆ. ಗಣಿತದಲ್ಲಿ ಏರಿಕೆ ಇರಲಿಲ್ಲ. ಉತ್ತರ ಪ್ರದೇಶದಲ್ಲಿ 10 ಅಥವಾ 20 ದಿನಗಳ ಸುತ್ತುಗಳಲ್ಲಿ ನಡೆದ ಕಲಿಕಾ ಶಿಬಿರಗಳಿಂದ 0.6ರಿಂದ 0.7ರಷ್ಟು ಏರಿತು. ಶಿಕ್ಷಣದ ಪ್ರಯೋಗಗಳಲ್ಲಿ ಇದು ಅಪರೂಪದ ಸಂಖ್ಯೆ. ಆದರೆ ಅಲ್ಲಿ ಪ್ರಥಮ್ ಎಂಬ ಶಿಕ್ಷಣ ಸ್ವಯಂಸೇವಾ ಸಂಸ್ಥೆಯ ಸಿಬ್ಬಂದಿ ಮತ್ತು ಸ್ವಯಂಸೇವಕರು ಮುಂದೆ ನಿಂತು ನಡೆಸಿದ್ದರು ಎಂಬುದನ್ನು ಮರೆಯಬಾರದು. ಒಬ್ಬರೇ ಇರುವ ಕೊಠಡಿಯಿಂದ ಅದೇ ಸಂಖ್ಯೆ ನಿರೀಕ್ಷಿಸುವುದು ಶಿಕ್ಷಕರಿಗೆ ಮಾಡುವ ಅನ್ಯಾಯ.

ಹರಿಯಾಣದಲ್ಲೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನೂ (ಸಿಸಿಇ) ಇದೇ ಕಾಲಕ್ಕೆ ಪರೀಕ್ಷಿಸಿದ್ದರು. ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪದೇ ಪದೇ ಅಳೆಯುವುದರಿಂದ ಕಲಿಕೆ ಹೆಚ್ಚುವುದಿಲ್ಲ, ಅಳತೆ ನೋಡಿ ನಾಳೆಯ ಪಾಠ ಬದಲಾಗಬೇಕು. ಸಿಸಿಇ ದಾಖಲೆ ತುಂಬುವುದರಲ್ಲಿ ಎಷ್ಟು ಹೊತ್ತು ಹೋಗುತ್ತದೆ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತಿದೆ. ಹೊಸ ಕಾರ್ಯಕ್ರಮದ ಜೊತೆ ಹೊಸ ನಮೂನೆ ಬಂದರೆ ಅದನ್ನು ಪ್ರಶ್ನಿಸಲು ಈ ಅಧ್ಯಯನ ಸಾಕು.

ಟ್ಯಾಬ್, ತಂತ್ರಾಂಶದ ಬಗ್ಗೆ ಯಾರಾದರೂ ಕೇಳುತ್ತಾರೆ, ಆದ್ದರಿಂದ ಒಂದು ಮಾತು. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ಕೇಂದ್ರಗಳಲ್ಲಿ ನಡೆದ ಮೈಂಡ್‌ಸ್ಪಾರ್ಕ್ ಪ್ರಯೋಗದಲ್ಲಿ (ಮುರಳೀಧರನ್, ಸಿಂಗ್, ಗ್ಯಾನಿಮಿಯನ್, 2019) ನಾಲ್ಕೂವರೆ ತಿಂಗಳಲ್ಲಿ ಗಣಿತಕ್ಕೆ 0.37, ಹಿಂದಿಗೆ 0.23 ಏರಿಕೆ ಬಂತು. ಅಲ್ಲೂ ಕೆಲಸ ಮಾಡಿದ್ದು ಪ್ರತಿ ಮಗುವಿಗೆ ಅದರ ಮಟ್ಟದ ಪ್ರಶ್ನೆ ಬಂದದ್ದು. ಎಲ್ಲರಿಗೂ ಒಂದೇ ವಿಡಿಯೊ ತೋರಿಸುವ ಸ್ಮಾರ್ಟ್ ಕ್ಲಾಸ್‌ಗೆ ಈ ಅಂಕಿ ಅನ್ವಯಿಸುವುದಿಲ್ಲ.

ನಮ್ಮ ರಾಜ್ಯದಲ್ಲಿ 4–5ನೇ ತರಗತಿಗೆ 'ಓದು ಕರ್ನಾಟಕ', ಕೋವಿಡ್ ಆದ ಮೇಲೆ 2022–23ರ 'ಕಲಿಕಾ ಚೇತರಿಕೆ' ಎರಡರಲ್ಲೂ ಇದೇ ವಿಚಾರದ ಎಳೆಗಳಿವೆ. ಸಮಸ್ಯೆ ನಿಮ್ಮ ಶಾಲೆಯೊಂದರದ್ದೂ ಅಲ್ಲ. ಅಸರ್ 2024ರ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ 5ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಠ್ಯ ಓದಬಲ್ಲವರು ಶೇ 44.8.

ಕಲ್ಯಾಣದ ಮೇಷ್ಟ್ರು

ಮೇಲಿನ ಇಬ್ಬರೂ ಭಾಳ ಚಲೋ ಬರದೀರಿ. ಆದ್ರ ಒಂದು ಬಿಟ್ಟು ಹೋಗೇದ: ಓದಿದ್ದು ತಿಳೀಬೇಕಲ್ರೀ.

ಗಫ್ ಮತ್ತು ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಓದಿ ತಿಳಿಯುವುದು ಅಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತು ತಿಳಿಯುವ ಶಕ್ತಿ. ಕೂಡಿಸುವುದಲ್ಲ, ಗುಣಿಸುವುದು, ಒಂದು ಸೊನ್ನೆ ಆದರೆ ಎಲ್ಲ ಸೊನ್ನೆ. ನಮ್ಮ ಕಡೆ ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳು ಒತ್ತಕ್ಷರ ಸಮೇತ ಪಟಪಟ ಓದಿಬಿಡುತ್ತವೆ. "ಯಾರು ಎಲ್ಲಿಗೆ ಹೋದರು?" ಎಂದರೆ ಸುಮ್ಮನೆ ಮುಖ ನೋಡುತ್ತವೆ. ಅಸರ್ ಹಾಳೆಯಲ್ಲಿ ಇವರು ಕಥೆಯ ಹಂತ. ಹಂಗಂತ ಅವರನ್ನು ಬಿಟ್ಟರೆ ಆಗುವುದಿಲ್ಲ. ಆದ್ದರಿಂದ ಕಥೆ ಓದಿಸಿದ ಮೇಲೆ ಎರಡು ಪ್ರಶ್ನೆ ಕೇಳಿ. ಒಂದಕ್ಕೆ ಉತ್ತರ ಕಥೆಯಲ್ಲೇ ಇರಲಿ, ಇನ್ನೊಂದಕ್ಕೆ ಸ್ವಲ್ಪ ಯೋಚನೆ ಬೇಕಾಗಲಿ. ಉತ್ತರವನ್ನು ಮಗು ಮನೆಮಾತಿನಲ್ಲಿ ಹೇಳಿದರೂ ಒಪ್ಪಿಕೊಳ್ಳಿ. ನೀವು ಅಳೆಯುತ್ತಿರುವುದು ತಿಳಿದಿದೆಯೇ ಎಂಬುದನ್ನು, ಕನ್ನಡದಲ್ಲಿ ವಾಕ್ಯ ಕಟ್ಟುವುದನ್ನಲ್ಲ.

ಇಂಥ ಮಕ್ಕಳಿಗೆ ಅಕ್ಷರದ ತಾಲೀಮು ಇನ್ನಷ್ಟು ಕೊಟ್ಟರೆ ಉಪಯೋಗವಿಲ್ಲ. ದಿನಾ ಹತ್ತು ನಿಮಿಷ ಕಥೆ ಓದಿ ಹೇಳಬೇಕು. ಮೊದಲು ಚಿತ್ರ ತೋರಿಸಿ ಮನೆಮಾತಿನಲ್ಲಿ ಕಥೆಯ ಸಾರ ಬರಲಿ (ಶಿಕ್ಷಕರಿಗೆ ಆ ಭಾಷೆ ಬಾರದಿದ್ದರೆ ದೊಡ್ಡ ಮಗುವೊಂದು ಹೇಳಬಹುದು), ಆಮೇಲೆ ಕನ್ನಡದಲ್ಲಿ ಓದಿ, ಮೂರು ನಾಲ್ಕು ಹೊಸ ಪದ ಆರಿಸಿ. ಅವೇ ಪದ ಆ ವಾರದಲ್ಲಿ ನಾಲ್ಕೈದು ಸಲ ಮಾತಿನಲ್ಲಿ ಬರಬೇಕು. ಒಂದೇ ದಿನ ಇಪ್ಪತ್ತು ಸಲ ಹೇಳಿಸಿದರೆ ಮರುದಿನಕ್ಕೆ ಉಳಿಯುವುದಿಲ್ಲ. ಅಭ್ಯಾಸವನ್ನು ದಿನಗಳ ಮೇಲೆ ಹರಡಿದರೆ ನೆನಪು ಗಟ್ಟಿಯಾಗುತ್ತದೆ ಎಂಬುದು ಕಲಿಕೆಯ ಸಂಶೋಧನೆಯಲ್ಲಿ ಬಹಳ ಸಲ ಖಚಿತಪಟ್ಟ ಮಾತು.

ಇನ್ನೊಂದು. ಪುಸ್ತಕದಲ್ಲಿ 'ಹೋಗುತ್ತಾನೆ' ಇದ್ದದ್ದನ್ನು ನಮ್ಮ ಮಕ್ಕಳು 'ಹೋಗತಾನ' ಅಂತ ಓದುತ್ತವೆ. ಹಳೆ ಮೈಸೂರು ಕಡೆ ಕೆಲವು ಮಕ್ಕಳು 'ಹಾಲು' ನೋಡಿ 'ಆಲು' ಅನ್ನುತ್ತವೆ, 'ಶಾಲೆ' 'ಸಾಲೆ' ಆಗುತ್ತದೆ. ಇದನ್ನು ಓದಿನ ತಪ್ಪಿನಲ್ಲಿ ಎಣಿಸಬೇಡಿ. 'ಹೋಗತಾನ' ಅಂದ ಮಗು ಪದವನ್ನು ಬಿಡಿಸಿ, ಅರ್ಥ ಹಿಡಿದು, ತನ್ನ ಮಾತಿನಲ್ಲಿ ಹೇಳಿದೆ. ಅದು ಒಳ್ಳೆಯ ಓದುಗನ ಲಕ್ಷಣ. 'ಹೋಗುತನೆ' ಅಂದ ಮಗುವಿನದು ಬೇರೆ ವಿಷಯ, ಅಲ್ಲಿ ಒತ್ತೂ ದೀರ್ಘವೂ ಕಣ್ಣಿಗೆ ಬಿದ್ದಿಲ್ಲ. ಎರಡನ್ನೂ ಒಂದೇ ಕೆಂಪು ಗೆರೆಯಿಂದ ಹೊಡೆದರೆ ನಮಗೇ ಏನು ಕಲಿಸಬೇಕೆಂದು ತಿಳಿಯುವುದಿಲ್ಲ. ಬರವಣಿಗೆಯಲ್ಲಿ ಮಾತ್ರ ಪುಸ್ತಕದ ರೂಪ ತಿದ್ದಬೇಕು, ಅದೂ ಎರಡೂ ರೂಪ ಪಕ್ಕಪಕ್ಕ ಬರೆದು ತೋರಿಸಿ.

ನಿಮಿಷಕ್ಕೆ ಇಷ್ಟು ಪದ ಎಂಬ ಗುರಿಯ ಬಗ್ಗೆಯೂ ಎಚ್ಚರ ಇರಲಿ. ನಿಪುಣ ಭಾರತದಲ್ಲಿ (ಬುನಾದಿ ಓದು, ಲೆಕ್ಕಕ್ಕೆಂದು ಕೇಂದ್ರ ಸರ್ಕಾರ ಜುಲೈ 2021ರಲ್ಲಿ ಶುರು ಮಾಡಿದ್ದು) 3ನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ಸಮೇತ ಅಂತ ಇದೆ. ಹಿಂದಿಯ 'ಘರ್ ಸೇ' ಎರಡು ಪದ, ನಮ್ಮ 'ಮನೆಯಿಂದ' ಒಂದು. 'ಕುಳಿತುಕೊಂಡಿದ್ದರು' ಕೂಡ ಲೆಕ್ಕಕ್ಕೆ ಒಂದೇ ಪದ. ಹೀಗಾಗಿ 60 ಎಂಬ ಸಂಖ್ಯೆ ಕನ್ನಡದ ಮಗುವಿನ ಮೇಲೆ ಹೆಚ್ಚು ಭಾರ ಹೊರಿಸುತ್ತದೆ. ಎನ್‌ಸಿಇಆರ್‌ಟಿ 2022ರ ಬುನಾದಿ ಕಲಿಕೆ ಅಧ್ಯಯನದಲ್ಲಿ ಪ್ರತಿ ಭಾಷೆಗೂ ಬೇರೆ ಮಾನದಂಡ ಹಾಕಿದ್ದು ಈ ಕಾರಣಕ್ಕೆ. ನಿಮ್ಮ ಕೊಠಡಿಯಲ್ಲಿ ವೇಗ ನೋಡಬೇಕೆಂದರೆ ಪದದ ಬದಲು ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಅಕ್ಷರ ಎಣಿಸಿ, ಅದೇ ಮಗುವಿನ ಹಿಂದಿನ ತಿಂಗಳಿನ ಲೆಕ್ಕದ ಜೊತೆ ಹೋಲಿಸಿ. ಪಕ್ಕದ ಮಗುವಿನ ಜೊತೆ ಬ್ಯಾಡ್ರಿ.

ಬಹುವರ್ಗ ಟೀಚರ್

ಎಲ್ಲರಿಗೂ ಧನ್ಯವಾದ. 'ಶಕ್ತಿ' ಮತ್ತು ಅರ್ಕಾವೊತ್ತಿನ ವಿಷಯ ಇಷ್ಟು ಬಿಡಿಸಿ ಎಲ್ಲೂ ಓದಿರಲಿಲ್ಲ. ಎರಡು ಉಳಿದಿವೆ. ಕೊಠಡಿಗೆ ಒಬ್ಬರೇ ಇರುವಾಗ ಮೂರು ಗುಂಪನ್ನು ಒಂದು ತಾಸಿನಲ್ಲಿ ಹೇಗೆ ನಡೆಸುವುದು? ಎಲ್ಲ ಮಾಡಿದ ಮೇಲೂ ಮುಂದೆ ಹೋಗದ ಮಗುವಿನ ವಿಷಯದಲ್ಲಿ ಯಾವಾಗ ಬೇರೆ ಸಹಾಯ ಕೇಳಬೇಕು?

ಓದಿನ ಮನೆ

ಗುಂಪು ಮೂರಕ್ಕಿಂತ ಹೆಚ್ಚು ಮಾಡಬೇಡಿ. ಪರೀಕ್ಷೆಯಲ್ಲಿ ಏಳು ಹಂತ ಸಿಕ್ಕರೂ ಕೂರಿಸುವಾಗ ಹೀಗೆ ಸೇರಿಸಿ: ಆರಂಭಿಕ, ಅಕ್ಷರ ಮತ್ತು ಕಾಗುಣಿತ ಪದದವರು ಒಂದು, ಎರಡು ಬಗೆಯ ಒತ್ತಿನವರು ಒಂದು, ವಾಕ್ಯವೃಂದ ಮತ್ತು ಕಥೆಯವರು ಒಂದು. ಗುಂಪಿಗೆ 'ಎ, ಬಿ, ಸಿ' ಎಂದಾಗಲಿ 'ನಿಧಾನ ಕಲಿಕೆ' ಎಂದಾಗಲಿ ಹೆಸರಿಡಬೇಡಿ. ನದಿಯ ಹೆಸರೋ ಮರದ ಹೆಸರೋ ಇಡಿ, ಪ್ರತಿ ಸಲ ಗುಂಪು ಬದಲಾದಾಗ ಹೆಸರೂ ಬದಲಾಗಲಿ.

ತಾಸಿನ ಮೊದಲ ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ. ದೊಡ್ಡ ಅಕ್ಷರದ ನಾಲ್ಕೈದು ಸಾಲಿನ ಕಥೆ, ನೀವು ಬೆರಳಿಟ್ಟು ಓದುತ್ತೀರಿ, ಮಕ್ಕಳು ಬೆರಳನ್ನು ಹಿಂಬಾಲಿಸುತ್ತಾರೆ, ಆಮೇಲೆ ಕಥೆಯ ಬಗ್ಗೆ ಮಾತು. ಎಲ್ಲ ಹಂತದವರಿಗೂ ಇದರಿಂದ ಏನಾದರೂ ಸಿಗುತ್ತದೆ. ಮುಂದಿನ ಇಪ್ಪತ್ತು ನಿಮಿಷ ಮೊದಲ ಗುಂಪಿನ ಜೊತೆ ನೀವು: ಕಾಗುಣಿತ ಪಟ್ಟಿ ಐದಾರು ನಿಮಿಷ, ಉಳಿದದ್ದು ಮಿಂಚುಪಟ್ಟಿಯಿಂದ ಪದ ಕಟ್ಟುವುದು. ಆಗ ಒತ್ತಿನ ಗುಂಪು ಜೋಡಿಯಾಗಿ ಪದಪಟ್ಟಿ ಓದಿ ಒಬ್ಬರಿಗೊಬ್ಬರು ಉಕ್ತಲೇಖನ ಕೊಡಲಿ, ಕಥೆಯ ಗುಂಪು ವಾಚನಾಲಯದ ಪುಸ್ತಕ ಓದಿ ಎರಡು ಪ್ರಶ್ನೆ ಬರೆಯಲಿ. ಆಮೇಲಿನ ಹದಿನೈದು ನಿಮಿಷ ಒತ್ತಿನ ಗುಂಪಿನ ಜೊತೆ. ಕೊನೆಯ ಹತ್ತು ನಿಮಿಷ ಕಥೆಯ ಗುಂಪಿನ ಇಬ್ಬರು ಮೂವರಿಂದ ಓದಿಸಿ ಕೇಳಿ. ಎಲ್ಲರನ್ನೂ ದಿನವೂ ಕೇಳಲು ಆಗುವುದಿಲ್ಲ. ವಾರದಲ್ಲಿ ಪ್ರತಿ ಮಗುವೂ ಒಂದು ಸಲ ನಿಮ್ಮ ಪಕ್ಕ ಕೂತು ಒಂಟಿಯಾಗಿ ಓದಿರಬೇಕು, ಅಷ್ಟು ಸಾಕು. ಒಟ್ಟಾಗಿ ಓದಿಸುವುದನ್ನು ಅಭ್ಯಾಸವೆಂದು ನಂಬಬೇಡಿ. ಗುಂಪಿನ ದನಿಯೊಳಗೆ ಓದಲು ಬಾರದ ಮಗು ಅರೆಕ್ಷಣ ತಡವಾಗಿ ಬಾಯಾಡಿಸುತ್ತಿರುತ್ತದೆ.

ಹತ್ತು ಹನ್ನೆರಡು ಶಾಲಾ ದಿನಕ್ಕೊಮ್ಮೆ ಮರುಪರೀಕ್ಷೆ, ಬೇರೆ ಹಾಳೆಯಿಂದ. ಪಠ್ಯಪುಸ್ತಕದ ಪಾಠವನ್ನು ಪರೀಕ್ಷೆಗೆ ಬಳಸಲೇಬೇಡಿ, ಕೇಳಿ ಕೇಳಿ ಬಾಯಿಗೆ ಬಂದಿರುತ್ತದೆ. ಮೇಲೇರಿದವರನ್ನು ಅಂದೇ ಗುಂಪು ಬದಲಿಸಿ. ಗುಂಪು ಎರಡು ತಿಂಗಳು ಕದಲದೆ ಇದ್ದರೆ ಅದು ಹಂತವಾರು ಕಲಿಕೆ ಅಲ್ಲ, ತರಗತಿಯೊಳಗೆ ಇನ್ನೊಂದು ತರಗತಿ. ದಾಖಲೆಗೆ ಒಂದು ಹಾಳೆ ಸಾಕು: ಎಡಗಡೆ ಹೆಸರು, ಪ್ರತಿ ಪರೀಕ್ಷೆಗೆ ಒಂದು ಅಂಕಣ, ಹಂತದ ಸಂಖ್ಯೆ, ಪಕ್ಕದಲ್ಲಿ ಮಗು ತಪ್ಪಿದ ಒಂದೆರಡು ಅಕ್ಷರ.

ಸಮಯವನ್ನು ಎಲ್ಲಿಂದ ತರುವುದು ಎಂದರೆ, ಮುಖ್ಯ ಶಿಕ್ಷಕರ ಜೊತೆ ಮಾತಾಡಿ ಬೆಳಗಿನ ಮೊದಲ ತಾಸನ್ನೇ ಇದಕ್ಕೆ ಬರೆಸಿಬಿಡಿ. ಕೊನೆಯ ಅವಧಿಗೆ ಇಟ್ಟರೆ ಸಭೆ, ಬಿಸಿಯೂಟದ ಲೆಕ್ಕ, ತುರ್ತು ಮಾಹಿತಿ ಎಲ್ಲವೂ ಅದನ್ನೇ ನುಂಗುತ್ತವೆ.

ವಿಶೇಷ ಶಿಕ್ಷಕಿ

ಎರಡನೇ ಪ್ರಶ್ನೆಗೆ. ಮಗು ನಿಯಮಿತವಾಗಿ ಶಾಲೆಗೆ ಬಂದು, ಮೂರು ನಾಲ್ಕು ಮರುಪರೀಕ್ಷೆಗಳಲ್ಲೂ ಒಂದೇ ಹಂತದಲ್ಲಿ ನಿಂತಿದ್ದರೆ ಬೇರೆ ಕಾರಣ ಹುಡುಕಬೇಕು. ಮೊದಲು ಹಾಜರಿ ಪುಸ್ತಕ ನೋಡಿ. ಸುಗ್ಗಿಯಲ್ಲೋ ಗುಳೆ ಹೋದಾಗಲೋ ತಿಂಗಳುಗಟ್ಟಲೆ ಬಾರದ ಮಗುವಿಗೆ ಬೇಕಾದ್ದು ತಪಾಸಣೆಯಲ್ಲ, ಬಿಟ್ಟುಹೋದ ಪಾಠ.

ಆಮೇಲೆ ಕಣ್ಣು, ಕಿವಿ. ಒತ್ತು ಅಕ್ಷರದ ಕೆಳಗೆ ಚಿಕ್ಕದಾಗಿ ಇರುವುದರಿಂದ ದೃಷ್ಟಿ ಸ್ವಲ್ಪ ಕಡಿಮೆ ಇದ್ದರೂ ಮೊದಲು ತಪ್ಪುವುದು ಅದೇ. ಪರೀಕ್ಷಿಸುವ ಸುಲಭ ದಾರಿ: ಹಲಗೆಯ ಮೇಲಿನ ಪದ ತಪ್ಪಾಗಿ ಓದುವ ಮಗುವಿಗೆ ಅದೇ ಪದವನ್ನು ಅಂಗೈ ಅಗಲದ ಅಕ್ಷರದಲ್ಲಿ ಬರೆದು ಕೈಗೆ ಕೊಡಿ. ಆಗ ಸರಿಯಾಗಿ ಓದಿದರೆ ಕಣ್ಣಿನ ತಪಾಸಣೆ ಮಾಡಿಸಬೇಕು. 'ತ' ಮತ್ತು 'ದ', 'ಪ' ಮತ್ತು 'ಬ' ಗಳನ್ನು ಬರೆಯುವಾಗ ಮಾತ್ರವಲ್ಲ, ನಿಮ್ಮ ಬಾಯಿ ನೋಡದೆ ಕೇಳಿ ಹೇಳುವಾಗಲೂ ಅದಲುಬದಲು ಮಾಡುವ ಮಗುವಿನ ಕಿವಿ ತೋರಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಈ ಮಕ್ಕಳ ಹೆಸರನ್ನು ಮೊದಲೇ ಬರೆದಿಟ್ಟು ಕೊಡಿ. ಸಾಲಾಗಿ ನಿಲ್ಲಿಸಿ ನೋಡುವ ಗಡಿಬಿಡಿಯಲ್ಲಿ ಇವರು ತಪ್ಪಿಹೋಗುತ್ತಾರೆ.

ಇವೆಲ್ಲ ಸರಿಯಿದ್ದು, ಮಾತು, ಲೆಕ್ಕ, ಕಥೆ ಕೇಳಿ ಹೇಳುವುದು ಚೆನ್ನಾಗಿದ್ದು, ಓದು ಬರಹ ಮಾತ್ರ ಕಷ್ಟವಾದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ ಸಾಧ್ಯತೆ ಇದೆ. ಕನ್ನಡದಂಥ, ಬರೆದ ಹಾಗೆ ಓದುವ ಲಿಪಿಯಲ್ಲಿ ಇದು ಇಂಗ್ಲಿಷಿನಲ್ಲಿ ಹೇಳುವಂತೆ ಅಕ್ಷರ ತಿರುಗಾಮುರುಗಾ ಮಾಡುವುದರಲ್ಲಿ ಕಾಣದಿರಬಹುದು. ಹೆಚ್ಚಾಗಿ ಕಾಣುವುದು ನಿಧಾನ: ಮಗು ಕೊನೆಗೆ ಸರಿಯಾಗಿಯೇ ಓದುತ್ತದೆ, ಒಂದು ವಾಕ್ಯಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ನಿನ್ನೆ ಓದಿದ ಪದವನ್ನು ಇವತ್ತು ಮತ್ತೆ ಮೊದಲಿನಿಂದ ಬಿಡಿಸುತ್ತದೆ. ಸೋಮಾರಿ ಎಂಬ ಹಣೆಪಟ್ಟಿ ಬೀಳುವುದು ಇಂಥವರಿಗೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದು ಸೇರಿದೆ. ಹೀಗಾಗಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯಗಳಿಗೆ ದಾರಿ ಇದೆ. ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಸಂಪನ್ಮೂಲ ಶಿಕ್ಷಕರಿಗೆ (ಬಿಐಇಆರ್‌ಟಿ) ತಿಳಿಸಿ, ನಿಮ್ಮ ಮರುಪರೀಕ್ಷೆಯ ಹಾಳೆಯನ್ನೂ ಜೊತೆಗೆ ಕಳಿಸಿ. 'ಓದು ಬರಲ್ಲ' ಎಂಬ ಒಂದು ಸಾಲಿಗಿಂತ ಯಾವ ದಿನ ಯಾವ ಅಕ್ಷರದಲ್ಲಿ ನಿಂತಿತು ಎಂಬ ಹಾಳೆ ತಪಾಸಣೆ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತಪಾಸಣೆಯ ದಿನ ಬರುವವರೆಗೆ ಆ ಮಗುವನ್ನು ಗುಂಪಿನಿಂದ ಹೊರಗೆ ಇಡಬೇಡಿ. ಅದೇ ಪದಪಟ್ಟಿಯಲ್ಲಿ ಅರ್ಧ ಕೊಡಿ, ದಿನಾ ಐದು ನಿಮಿಷ ಒಂಟಿಯಾಗಿ ಓದಿಸಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಲು ನಿಲ್ಲಿಸಬೇಡಿ.